ಬೆನ್ನು ತಿರುಗಿಸಿ ಒಪ್ಪಿಸಿದ ಪಾಠ

ಕೆಲಸದ ಮೇಲೆ ಚೀನಾದ ನಾನ್‌ಜಿಂಗ್‌ಗೆ ಹೋದ ಮೊದಲ ವರ್ಷ, ಒಂದು ಭಾನುವಾರ ಸಹೋದ್ಯೋಗಿಯೊಬ್ಬನ ಮನೆಗೆ ಊಟಕ್ಕೆ ಹೋಗಿದ್ದೆ. ಹದಿನೇಳನೇ ಮಹಡಿಯ ಫ್ಲ್ಯಾಟು. ಮೊಟ್ಟೆಯೂ ತಿನ್ನದ ನನ್ನಂಥವನಿಗೆ ಏನು ಬೇಯಿಸಬೇಕು ಅಂತ ಯೋಚಿಸಿಯೇ ಅವನ ಹೆಂಡತಿ ಅರ್ಧ ದಣಿದಿದ್ದರು. ಊಟ ಮುಗಿದು ಹಸಿರು ಚಹಾ ಬಂತು. ನೆಂಟರು ಬಂದರೆ ಮಗುವಿನ ಕೈಲಿ ಏನಾದರೂ ಹೇಳಿಸಲೇಬೇಕು ಅನ್ನುವ ಚಟ ಎಲ್ಲ ದೇಶದ ಅಪ್ಪ ಅಮ್ಮಂದಿರಿಗೂ ಇರುತ್ತದೆ ಅಂತ ಕಾಣುತ್ತದೆ. "ಶೂಶೂಗೆ ಒಂದು ಹೇಳಿ ತೋರಿಸು ಪುಟ್ಟಾ" ಅಂದರು. ಶೂಶೂ ಅಂದರೆ ಚಿಕ್ಕಪ್ಪ. ಪರದೇಶದಲ್ಲಿ ಸಿಕ್ಕ ಮೊದಲ ಬಡ್ತಿ.

ಆರು ವರ್ಷದ ಹುಡುಗಿ ಎದ್ದು ನಿಂತಳು. ನಮ್ಮ ಕಡೆ ಒಂದು ಸಲ ನೋಡಿ, ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ಕೈ ಹಿಂದಕ್ಕೆ ಕಟ್ಟಿಕೊಂಡಳು. ನಾಚಿಕೆ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಗೋಡೆಯ ಕಡೆಯಿಂದ ಮೂರು ಮೂರು ಪೆಟ್ಟಿನ ತಾಳದಲ್ಲಿ ಧ್ವನಿ ಹೊರಟಿತು. ರನ್ ಜಿ ಚೂ, ಶಿಂಗ್ ಬೆನ್ ಶಾನ್. ಉಸಿರು ತೆಗೆದುಕೊಳ್ಳದೆ ಎರಡು ನಿಮಿಷ. ಮೂಲೆಯಲ್ಲಿ ಕೂತಿದ್ದ ಅಜ್ಜ ಕಣ್ಣು ಮುಚ್ಚಿ ಮಂಡಿಯ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಿದ್ದರು. ಒಂದು ಕಡೆ ಅವಳು ತಡವರಿಸಿದಾಗ ಅಜ್ಜನ ಬೆರಳೂ ನಿಂತಿತು.

ನಾಚಿಕೆ ಅಲ್ಲವಂತೆ, ಅದು ಅಜ್ಜ ಕಲಿಸಿದ ಹಳೇ ಪದ್ಧತಿ. ಹಿಂದಿನ ಕಾಲದಲ್ಲಿ ಹುಡುಗರು ಪುಸ್ತಕವನ್ನು ಮೇಷ್ಟ್ರ ಮೇಜಿನ ಮೇಲೆ ಇಟ್ಟು, ಮೇಷ್ಟ್ರಿಗೆ ಬೆನ್ನು ಹಾಕಿ ಪಾಠ ಒಪ್ಪಿಸಬೇಕಿತ್ತು. ಕದ್ದು ನೋಡುವ ಹಾಗಿಲ್ಲ, ಮೇಷ್ಟ್ರ ಮುಖ ನೋಡಿ ಸರಿಯೋ ತಪ್ಪೋ ಊಹಿಸುವ ಹಾಗೂ ಇಲ್ಲ. ಚೀನೀ ಭಾಷೆಯಲ್ಲಿ 'ಬೇ' ಅಂದರೆ ಬೆನ್ನು. 'ಬೇ ಶು' ಅಂದರೆ ಪುಸ್ತಕ ಬಾಯಿಪಾಠ ಒಪ್ಪಿಸುವುದು. ಈಗ ಶಾಲೆಗಳಲ್ಲಿ ಯಾರೂ ಬೆನ್ನು ತಿರುಗಿಸುವುದಿಲ್ಲ, ಪದ ಮಾತ್ರ ಉಳಿದಿದೆ.

"ಏನರ್ಥ ಇದಕ್ಕೆ?" ಅಂತ ಹುಡುಗಿಯನ್ನೇ ಕೇಳಿದೆ. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಅಜ್ಜನ ಮುಖ ನೋಡಿದ. ಅಜ್ಜ ನಕ್ಕು, "ಅರ್ಥಕ್ಕೇನು ಅವಸರ, ಆಮೇಲೆ ಬರುತ್ತೆ" ಅಂದರು.

ಆ ಮಾತು ಎರಡು ವರ್ಷ ನನ್ನ ಜೊತೆಗೇ ಓಡಾಡಿತು. ಕನ್ಫ್ಯೂಷಿಯಸ್ ಪರಂಪರೆಯ ಪುಸ್ತಕಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಲು ಶುರು ಮಾಡಿದ್ದೂ ಆಗಲೇ.

ಅವಳು ಒಪ್ಪಿಸಿದ್ದು 'ಮೂರಕ್ಷರದ ಗ್ರಂಥ'. ಹದಿಮೂರನೇ ಶತಮಾನದ ವಾಂಗ್ ಯಿಂಗ್‌ಲಿನ್ ಬರೆದದ್ದು ಅಂತ ವಾಡಿಕೆ. ಒಂದೊಂದು ಸಾಲಿಗೆ ಮೂರೇ ಅಕ್ಷರ. ಮೊದಲ ಸಾಲುಗಳ ಅರ್ಥ ಸುಮಾರಾಗಿ ಹೀಗೆ: ಹುಟ್ಟುವಾಗ ಮನುಷ್ಯ ಒಳ್ಳೆಯವನೇ, ಸ್ವಭಾವ ಎಲ್ಲರದೂ ಹತ್ತಿರ ಹತ್ತಿರ, ರೂಢಿಯಿಂದ ದೂರ ದೂರ. ಹುಟ್ಟಿನ ಒಳ್ಳೆಯತನದ ಮಾತು ಅದೇ ಪರಂಪರೆಯ ಇನ್ನೊಬ್ಬ ದೊಡ್ಡ ಚಿಂತಕ ಮೆನ್ಷಿಯಸ್‌ನದು, ಹತ್ತಿರ ದೂರದ ಮಾತು ಕನ್ಫ್ಯೂಷಿಯಸ್‌ನದು. ಅಂದರೆ ಹಾಲುಹಲ್ಲು ಬೀಳುವ ಮೊದಲೇ ಮಗು ಇಬ್ಬರು ದೊಡ್ಡವರನ್ನು ನುಂಗಿ ಆಗಿರುತ್ತದೆ. ಮುಂದಿನ ಸಾಲುಗಳಲ್ಲಿ ಯಾವ ಪುಸ್ತಕ ಆದ ಮೇಲೆ ಯಾವುದು ಓದಬೇಕು ಅನ್ನುವ ಪಠ್ಯಕ್ರಮವೂ ಪದ್ಯದಲ್ಲೇ ಬರುತ್ತದೆ. ಇದರ ಜೊತೆಗೆ ಮನೆತನಗಳ ಹೆಸರಿನ ಪಟ್ಟಿ ಒಂದು, 'ಸಾವಿರ ಅಕ್ಷರದ ಗ್ರಂಥ' ಒಂದು. ಈ ಎರಡನೆಯದರಲ್ಲಿ ಸಾವಿರ ಅಕ್ಷರ ಇವೆ, ಒಂದೂ ಮರುಕಳಿಸುವುದಿಲ್ಲ. ಆರನೇ ಶತಮಾನದ ಜೋ ಶಿಂಗ್‌ಸಿ ಅದನ್ನು ಒಂದೇ ರಾತ್ರಿಯಲ್ಲಿ ಕಟ್ಟಿ, ಬೆಳಗಾಗುವಷ್ಟರಲ್ಲಿ ತಲೆಗೂದಲು ಬೆಳ್ಳಗಾಗಿತ್ತು ಅಂತ ಕತೆ. ನಂಬಬಹುದು. ಅಂಥ ಕೆಲಸಕ್ಕೆ ಕೂದಲು ಉಳಿದಿದ್ದೇ ಹೆಚ್ಚು.

ಇವೆಲ್ಲ ಅಂಗಳ ಅಷ್ಟೇ. ಒಳಮನೆಯಲ್ಲಿರುವುದು ನಾಲ್ಕು ಪುಸ್ತಕ, ಐದು ಗ್ರಂಥ. ನಾಲ್ಕು ಪುಸ್ತಕ ಅಂದರೆ 'ಮಹಾವಿದ್ಯೆ', 'ಮಧ್ಯಮಮಾರ್ಗ', ಕನ್ಫ್ಯೂಷಿಯಸ್‌ನ ಮಾತುಕತೆಗಳ 'ಲುನ್ಯು', ಮತ್ತೆ 'ಮೆನ್ಷಿಯಸ್'. ಐದು ಗ್ರಂಥಗಳಲ್ಲಿ ಹಾಡುಗಳಿವೆ, ರಾಜರ ದಾಖಲೆಗಳಿವೆ, ಆಚರಣೆಯ ನಿಯಮಗಳಿವೆ, ಶಕುನ ನೋಡುವ ಪುಸ್ತಕವಿದೆ, ಒಂದು ಸಣ್ಣ ರಾಜ್ಯದ ವೃತ್ತಾಂತವಿದೆ. ಇಚಿಸಾದಾ ಮಿಯಾಝಾಕಿ ಅನ್ನುವ ಜಪಾನಿ ಇತಿಹಾಸಕಾರರು, ಸರ್ಕಾರಿ ಅಧಿಕಾರಿಗಳನ್ನು ಆರಿಸುವ ಹಳೇ ಪರೀಕ್ಷೆಗೆ ಕೂರುವ ಹುಡುಗ ಉರು ಹೊಡೆಯಬೇಕಿದ್ದ ಅಕ್ಷರಗಳನ್ನು ಲೆಕ್ಕ ಹಾಕಿದ್ದಾರೆ. ವೃತ್ತಾಂತದ ಮೇಲಿನ ದೊಡ್ಡ ಟೀಕೆಯೂ ಸೇರಿ 4,31,286. ದಿನಕ್ಕೆ ಇನ್ನೂರರಂತೆ ಆರು ವರ್ಷ. ಜ್ವರ ಬರದೆ, ಹಬ್ಬ ಮಾಡದೆ, ಹಿಂದಿನದು ಮರೆಯದೆ.

ಇಷ್ಟನ್ನೂ ಅರ್ಥ ಹೇಳಿಕೊಡದೆ ಕಲಿಸುತ್ತಿದ್ದರು. ಉತ್ಪ್ರೇಕ್ಷೆಯಲ್ಲ. ಹು ಶಿ ಅಂತ ಒಬ್ಬರಿದ್ದರು. 1891ರಲ್ಲಿ ಹುಟ್ಟಿದವರು, ಮುಂದೆ ಗ್ರಂಥಭಾಷೆ ಬಿಟ್ಟು ಆಡುಮಾತಿನಲ್ಲಿ ಬರೆಯಿರಿ ಅಂತ ಚೀನಾವನ್ನೇ ಅಲುಗಾಡಿಸಿದವರು. ನಲವತ್ತರ ಹೊತ್ತಿಗೆ ಬರೆದ ಆತ್ಮಕತೆಯಲ್ಲಿ ತಮ್ಮ ಹಳ್ಳಿ ಶಾಲೆಯ ಒಂದು ಸಂಗತಿ ಹೇಳುತ್ತಾರೆ. ನಮ್ಮ ಕೂಲಿಮಠದ ಥರದ ಶಾಲೆ ಅದು. ಉಳಿದ ಹುಡುಗರು ವರ್ಷಕ್ಕೆ ಎರಡು ಬೆಳ್ಳಿ ನಾಣ್ಯ ಕೊಡುತ್ತಿದ್ದರು, ಮೇಷ್ಟ್ರು ಓದಿಸಿ ಒಪ್ಪಿಸಿಕೊಳ್ಳುತ್ತಿದ್ದರು, ಮುಗಿಯಿತು. ಹು ಶಿಯ ತಾಯಿ ಚಿಕ್ಕ ವಯಸ್ಸಿಗೇ ವಿಧವೆಯಾದವರು, ಹೆಚ್ಚು ಓದಿದವರಲ್ಲ. ಆದರೆ ಮೊದಲ ವರ್ಷವೇ ಆರು ನಾಣ್ಯ ಕೊಟ್ಟರು, ಆಮೇಲೆ ಹನ್ನೆರಡರವರೆಗೂ ಏರಿಸಿದರು. ಒಂದೇ ಷರತ್ತು: ನನ್ನ ಮಗನಿಗೆ ಅಕ್ಷರ ಅಕ್ಷರಕ್ಕೂ ಅರ್ಥ ಬಿಡಿಸಿ ಹೇಳಬೇಕು.

ಆ ದುಡ್ಡಿನ ಬೆಲೆ ಮಗನಿಗೆ ಗೊತ್ತಾಗಿದ್ದು ಒಂದು ಸಣ್ಣ ಘಟನೆಯಿಂದ. ಸಹಪಾಠಿಯೊಬ್ಬನ ತಾಯಿ ದೂರದಲ್ಲಿದ್ದ ಗಂಡನಿಗೆ ಮೇಷ್ಟ್ರ ಕೈಲಿ ಕಾಗದ ಬರೆಸಿದ್ದಳು. ಮೇಷ್ಟ್ರು ಆಚೆ ಹೋದಾಗ ಹುಡುಗ ಕಾಗದ ಬಿಚ್ಚಿ ನೋಡಿದ. ಮೊದಲನೇ ಸಾಲೇ ಅವನಿಗೆ ಅರ್ಥವಾಗಲಿಲ್ಲ. ಹು ಶಿಯ ಹತ್ತಿರ ಬಂದು ಕೇಳಿದ. 'ತೀರ್ಥರೂಪು ತಂದೆಯವರ ಸನ್ನಿಧಾನಕ್ಕೆ' ಅಂತ ನಾವು ಹಿಂದೆ ಕಾಗದ ಶುರು ಮಾಡುತ್ತಿದ್ದೆವಲ್ಲ, ಆ ಥರದ ಒಕ್ಕಣೆ, ಅಷ್ಟೇ. ಆ ಹುಡುಗ ನಾಲ್ಕೂ ಪುಸ್ತಕ ಓದಿ ಮುಗಿಸಿದ್ದ!

ಹಾಗಂತ ಉರು ಹೊಡೆಸುವುದೇ ಅನ್ಯಾಯ ಅಂತ ಷರಾ ಬರೆದುಬಿಡಲು ನನಗೆ ಮನಸ್ಸಿಲ್ಲ. ಹು ಶಿ ಕೂಡ ಗೋಡೆಗೆ ಮುಖ ಮಾಡಿ ಬೆಳೆದವರೇ. ಅವರಿಗೆ ಸಿಕ್ಕ ಹೆಚ್ಚುವರಿ ಅಂದರೆ ಬಾಯಿಗೆ ಬಂದದ್ದರ ಒಳಗೆ ಹೋಗಲು ಒಂದು ಬಾಗಿಲು, ತಿಂಗಳಿಗೆ ಒಂದು ನಾಣ್ಯದ ಲೆಕ್ಕದಲ್ಲಿ.

ಲುನ್ಯುವನ್ನು ಇಂಗ್ಲಿಷಿನಲ್ಲಿ ಮೊದಲ ಸಲ ಓದಿದಾಗ ನನಗೆ ಆಶ್ಚರ್ಯವಾಗಿದ್ದು ಅದು ಗ್ರಂಥದ ಥರ ಇಲ್ಲವೇ ಇಲ್ಲ ಅನ್ನುವುದು. ಇಪ್ಪತ್ತು ಅಧ್ಯಾಯ, ಸುಮಾರು ಐನೂರು ತುಣುಕು. ಯಾರೋ ಏನೋ ಕೇಳಿದರು, ಮೇಷ್ಟ್ರು ಏನೋ ಹೇಳಿದರು. ಒಬ್ಬ ಶಿಷ್ಯ ಹಗಲು ಮಲಗಿ ಬೈಸಿಕೊಳ್ಳುತ್ತಾನೆ, ಕೊಳೆತ ಮರಕ್ಕೆ ಕೆತ್ತನೆ ಕೂರುವುದಿಲ್ಲ ಅಂತ. ಇನ್ನೊಬ್ಬ ಒಂದು ಬುಟ್ಟಿ ಅನ್ನ, ಒಂದು ಸೋರೆಬುರುಡೆ ನೀರಲ್ಲಿ ಗಲ್ಲಿಯಲ್ಲಿ ಸಂತೋಷವಾಗಿದ್ದಾನೆ ಅಂತ ಹೊಗಳಿಸಿಕೊಳ್ಳುತ್ತಾನೆ. ತಾನು ಒಂದು ಮೂಲೆ ತೋರಿಸಿದರೆ ಉಳಿದ ಮೂರು ಮೂಲೆ ಹುಡುಕಿಕೊಂಡು ಬರದವನಿಗೆ ಮತ್ತೆ ಪಾಠ ಹೇಳುವುದಿಲ್ಲ ಅನ್ನುತ್ತಾನೆ ಗುರು.

ನನಗೆ ತುಂಬ ಇಷ್ಟವಾದ ತುಣುಕು ಇದು. ಜಿಲೂ ಅನ್ನುವ ಶಿಷ್ಯ ಕೇಳುತ್ತಾನೆ: ಒಳ್ಳೆಯದು ಅಂತ ಕೇಳಿದ್ದನ್ನು ತಕ್ಷಣ ಮಾಡಿಬಿಡಬೇಕೇ? ಮನೆಯಲ್ಲಿ ಅಪ್ಪ, ಅಣ್ಣ ಇದ್ದಾರಲ್ಲ, ಅವರನ್ನು ಕೇಳದೆ ಹೇಗೆ ಮಾಡುತ್ತೀಯ ಅನ್ನುತ್ತಾನೆ ಗುರು. ರಾನ್ ಯೂ ಅನ್ನುವ ಇನ್ನೊಬ್ಬ ಅದನ್ನೇ ಕೇಳುತ್ತಾನೆ. ಹೌದು, ತಕ್ಷಣ ಮಾಡು, ಅಂತ ಉತ್ತರ. ಎರಡನ್ನೂ ಕೇಳಿಸಿಕೊಂಡ ಮೂರನೆಯವನಿಗೆ ತಲೆ ಕೆಡುತ್ತದೆ. ಆಗ ಗುರು ಹೇಳುತ್ತಾನೆ: ರಾನ್ ಯೂ ಹಿಂಜರಿಯುವ ಆಸಾಮಿ, ಅದಕ್ಕೆ ಮುಂದಕ್ಕೆ ತಳ್ಳಿದೆ, ಜಿಲೂಗೆ ಇಬ್ಬರ ಹುಮ್ಮಸ್ಸಿದೆ, ಅದಕ್ಕೆ ಹಿಡಿದು ನಿಲ್ಲಿಸಿದೆ.

ಇಂಥ ಪುಸ್ತಕದ ಮೇಲೆ ಪ್ರಶ್ನೆಪತ್ರಿಕೆ ತೆಗೆದರೆ ಸರಿಯುತ್ತರ ಯಾವುದು ಅಂತ ಬರೆಯುವುದು?

ಪುಸ್ತಕಗಳು ಸರ್ಕಾರದ ಕೈಗೆ ಹೋದ ಕತೆ ಉದ್ದ, ಬೇಗ ದಾಟುತ್ತೇನೆ. ಕ್ರಿ.ಪೂ. 213ರಲ್ಲಿ ಚಿನ್ ಸಾಮ್ರಾಟ ಇವುಗಳಲ್ಲಿ ಬಹುಪಾಲನ್ನು ಸುಡಿಸಲು ಹೊರಟ. ಫೂ ಶೆಂಗ್ ಎಂಬ ಪಂಡಿತ ದಾಖಲೆಗಳ ಗ್ರಂಥವನ್ನು ಮನೆಯ ಗೋಡೆಯಲ್ಲಿ ಹುಗಿದಿಟ್ಟ. ಗಲಾಟೆ ಮುಗಿದು ತೆಗೆದು ನೋಡಿದರೆ ಇಪ್ಪತ್ತೊಂಬತ್ತು ಅಧ್ಯಾಯ ಉಳಿದಿತ್ತು. ಅರಸು ಹೇಳಿ ಕಳಿಸುವಷ್ಟರಲ್ಲಿ ಅವನಿಗೆ ತೊಂಬತ್ತು ದಾಟಿತ್ತು. ಕಲಿಯಲು ಬಂದ ಅಧಿಕಾರಿಗೆ ಮುದುಕನ ಮಾತು ತಿಳಿಯದೆ, ಮಗಳು ನಡುವೆ ಕೂತು ಬಿಡಿಸಿ ಹೇಳಿದಳು ಅಂತ ಒಂದು ಐತಿಹ್ಯ ಇದೆ. ಆ ಮಗಳು ಪರೀಕ್ಷೆಗೆ ಕೂರುವಂತಿರಲಿಲ್ಲ. ಮುಂದಿನ ಎರಡು ಸಾವಿರ ವರ್ಷ ಯಾವ ಮಗಳೂ ಕೂರುವಂತಿರಲಿಲ್ಲ, ಆದರೆ ಪಾಠ ದಾಟಿಸಲು ಹೆಣ್ಣು ಬೇಕಿತ್ತು. ಹನ್ನೊಂದನೇ ಶತಮಾನದ ದೊಡ್ಡ ಲೇಖಕ ಓಯಾಂಗ್ ಶಿಯೂಗೆ ಅಕ್ಷರ ತಿದ್ದಿಸಿದ್ದು ವಿಧವೆ ತಾಯಿ, ಕಾಗದಕ್ಕೆ ದುಡ್ಡಿಲ್ಲದೆ ಜೊಂಡಿನ ಕಡ್ಡಿಯಲ್ಲಿ ನೆಲದ ಮೇಲೆ.

ಹಾನ್ ಸಾಮ್ರಾಟ ವೂ ಕ್ರಿ.ಪೂ. 136ರಲ್ಲಿ ಐದು ಗ್ರಂಥಗಳಿಗೆ ಅಧ್ಯಾಪಕರನ್ನು ನೇಮಿಸಿ, ಕ್ರಿ.ಪೂ. 124ರಲ್ಲಿ ಐವತ್ತು ವಿದ್ಯಾರ್ಥಿಗಳ ರಾಜವಿದ್ಯಾಲಯ ತೆರೆದ. ಮುನ್ನೂರು ವರ್ಷದ ನಂತರ ಯಾವ ಪಾಠಾಂತರ ಸರಿ ಅನ್ನುವ ಜಗಳ ಎಷ್ಟಾಯಿತೆಂದರೆ, ಕ್ರಿ.ಶ. 175ರಿಂದ 183ರವರೆಗೆ ಗ್ರಂಥಗಳನ್ನು ಕಲ್ಲಿನಲ್ಲಿ ಕಡೆದು ಲುವೋಯಾಂಗ್‌ನ ವಿದ್ಯಾಲಯದ ಎದುರು ನಿಲ್ಲಿಸಿದರು. ನಕಲು ಮಾಡಿಕೊಳ್ಳಲು ಬಂದವರ ಗಾಡಿಗಳಿಂದ ಬೀದಿ ಕಟ್ಟಿಹೋಗುತ್ತಿತ್ತು ಅಂತ ಅಂದಿನ ಚರಿತ್ರೆ ಹೇಳುತ್ತದೆ. ಅಕ್ಷರ ಕಲ್ಲಾಯಿತು, ಸರಿ. ಅರ್ಥ ಇನ್ನೂ ಕಲ್ಲಾಗಿರಲಿಲ್ಲ.

ಅದಕ್ಕೆ ಇನ್ನೂ ಸಾವಿರ ವರ್ಷ ಹಿಡಿಯಿತು. ಅದನ್ನು ಮಾಡಿದ ಮನುಷ್ಯನ ಬಗ್ಗೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಝು ಷಿ 1130ರಲ್ಲಿ ಹುಟ್ಟಿದವನು. ಆಚರಣೆಗಳ ಗ್ರಂಥದೊಳಗೆ ಎಲ್ಲೋ ಎರಡು ಅಧ್ಯಾಯವಾಗಿ ಬಿದ್ದಿದ್ದ 'ಮಹಾವಿದ್ಯೆ', 'ಮಧ್ಯಮಮಾರ್ಗ'ಗಳನ್ನು ಹೊರಗೆ ತೆಗೆದು, ಲುನ್ಯು, ಮೆನ್ಷಿಯಸ್ ಜೊತೆ ಸೇರಿಸಿ, ಒಂದು ಕಟ್ಟು ಮಾಡಿ, ಸಾಲು ಸಾಲಿಗೂ ಟೀಕೆ ಬರೆದು 1190ರಲ್ಲಿ ಅಚ್ಚು ಹಾಕಿಸಿದ. ಮೊದಲು ಇವು, ಆಮೇಲೆ ಐದು ಗ್ರಂಥ ಅಂದ. 'ಮಹಾವಿದ್ಯೆ'ಯಲ್ಲಿ ಒಂದು ಕಡೆ ಮೂಲ ಕಳೆದುಹೋಗಿದೆ ಅಂತ ಅನ್ನಿಸಿದಾಗ, ತಾನೇ 134 ಅಕ್ಷರ ಬರೆದು ಸೇರಿಸಿದ. ಸಾವಿರದ ಮುನ್ನೂರು ವರ್ಷಕ್ಕೂ ಹಳೆಯ ಪಠ್ಯದೊಳಗೆ! ಧೈರ್ಯ ಅಂದರೆ ಅದು. ಅವನ ಕೊನೆಗಾಲದಲ್ಲಿ ಆಸ್ಥಾನ ಅವನ ಬೋಧನೆಯನ್ನು 'ಸುಳ್ಳು ವಿದ್ಯೆ' ಅಂತ ನಿಷೇಧಿಸಿತ್ತು. 1200ರಲ್ಲಿ ಸತ್ತಾಗಲೂ ನಿಷೇಧ ಇತ್ತು.

ಓದುವುದು ಹೇಗೆ ಅಂತ ಶಿಷ್ಯರಿಗೆ ಅವನು ಹೇಳಿದ ಮಾತೊಂದಿದೆ. ಮೊದಲು ಚೆನ್ನಾಗಿ ಪಠಿಸು, ಆ ಮಾತುಗಳೆಲ್ಲ ನಿನ್ನ ಬಾಯಿಂದಲೇ ಹೊರಟಂತೆ ಅನ್ನಿಸುವವರೆಗೆ. ಆಮೇಲೆ ಆಳವಾಗಿ ಯೋಚಿಸು, ಆ ಅರ್ಥವೆಲ್ಲ ನಿನ್ನ ಎದೆಯಿಂದಲೇ ಹೊರಟಂತೆ ಅನ್ನಿಸುವವರೆಗೆ. ಅಜ್ಜನ "ಅರ್ಥಕ್ಕೇನು ಅವಸರ" ಎಲ್ಲಿಂದ ಬಂತು ಅಂತ ಇದನ್ನು ಓದಿದಾಗ ಹೊಳೆಯಿತು. ಮೊದಲು ಬಾಯಿ, ಆಮೇಲೆ ಎದೆ. ಅನ್ನ ಬಾಯಿಗೆ ಬಿದ್ದ ಕೂಡಲೇ ರಕ್ತವಾಗುವುದಿಲ್ಲ ಅನ್ನುವಷ್ಟೇ ಸಹಜವಾದ ಮಾತು.

ಎಡವಟ್ಟಾಗಿದ್ದು ಅವನು ಸತ್ತು ನೂರು ವರ್ಷ ಕಳೆದ ಮೇಲೆ. 1313ರಲ್ಲಿ, ಅದೂ ಮಂಗೋಲರ ಆಳ್ವಿಕೆಯಲ್ಲಿ, ಅಪ್ಪಣೆ ಹೊರಟಿತು: ಅಧಿಕಾರಿಗಳನ್ನು ಆರಿಸುವ ಪರೀಕ್ಷೆಗೆ ಇನ್ನು ಮುಂದೆ ಈ ನಾಲ್ಕು ಪುಸ್ತಕ, ಅದೂ ಝು ಷಿಯ ಟೀಕೆಯ ಪ್ರಕಾರವೇ. 1315ರಲ್ಲಿ ರಾಜಧಾನಿಯ ಪರೀಕ್ಷೆ ಅದರಂತೆ ನಡೆಯಿತು. ಅಲ್ಲಿಂದ 1905ರವರೆಗೆ ಅದೇ. ಬಾಯಿಯ ಕೆಲಸ ಹುಡುಗರಿಗೆ ಬಿಟ್ಟರು. ಎದೆಯ ಕೆಲಸವನ್ನು ಝು ಷಿ ಒಬ್ಬನೇ ಎಲ್ಲರ ಪರವಾಗಿ ಮಾಡಿ ಮುಗಿಸಿದ್ದಾನೆ ಅಂತ ತೀರ್ಮಾನವಾಯಿತು. ಹದಿನೈದನೇ ಶತಮಾನದ ಕೊನೆಯ ಹೊತ್ತಿಗೆ ಬರೆಯುವ ಅಚ್ಚೂ ಸಿದ್ಧವಾಗಿತ್ತು. 'ಎಂಟು ಕಾಲಿನ ಪ್ರಬಂಧ' ಅಂತ ಹೆಸರು. ಜೋಡಿ ಜೋಡಿ ವಾಕ್ಯಗಳು, ಯಾವ ಭಾಗ ಆದಮೇಲೆ ಯಾವುದು ಅಂತ ನಿಗದಿ. ವಿಚಿತ್ರ ಅಂದರೆ ಅದನ್ನು 'ಮಹಾತ್ಮರ ಪರವಾಗಿ ಮಾತಾಡುವುದು' ಅನ್ನುತ್ತಿದ್ದರು. ಹತ್ತೊಂಬತ್ತು ವರ್ಷದ ಹುಡುಗ ಬೆವರು ಒರೆಸಿಕೊಳ್ಳುತ್ತ ಕನ್ಫ್ಯೂಷಿಯಸ್‌ನ ಧ್ವನಿಯಲ್ಲಿ ಬರೆಯಬೇಕು. ಮಾತು ನಿನ್ನ ಬಾಯಿಂದ ಹೊರಟಂತೆ ಇರಲಿ ಅಂದಿದ್ದು ಕೊನೆಗೆ ಹೀಗೆ ಮಿಮಿಕ್ರಿಯಾಯಿತು.

ಎಲ್ಲರೂ ಸುಮ್ಮನಿದ್ದರು ಅಂತಲ್ಲ. ಮುಂದೆ ದೊಡ್ಡ ತತ್ವಜ್ಞಾನಿಯಾದ ವಾಂಗ್ ಯಾಂಗ್‌ಮಿಂಗ್ ಯುವಕನಾಗಿದ್ದಾಗ ಝು ಷಿಯ ಮಾತನ್ನು ಅಕ್ಷರಶಃ ನಂಬಿದ. 'ವಸ್ತುಗಳ ತತ್ವ ಶೋಧಿಸು' ಅಂದಿದ್ದಾನಲ್ಲ, ಸರಿ ಅಂತ ಸ್ನೇಹಿತನೊಬ್ಬನ ಜೊತೆ ಸೇರಿ ಅಂಗಳದ ಬಿದಿರಿನ ಮೆಳೆಯನ್ನು ಶೋಧಿಸಲು ಕೂತ. ಸ್ನೇಹಿತ ಮೂರು ದಿನಕ್ಕೆ ಹಾಸಿಗೆ ಹಿಡಿದ. ಇವನು ಏಳು ದಿನ ತಡೆದು ಹಾಸಿಗೆ ಹಿಡಿದ. ಬಿದಿರು ಏನೂ ಹೇಳಲಿಲ್ಲ. ಮುಂದೆ ಅವನು ತತ್ವ ಇರುವುದು ಮನಸ್ಸಿನಲ್ಲೇ ಅಂತ ಬೇರೆ ದಾರಿ ಹಿಡಿದ. ಝು ಷಿ ಸೇರಿಸಿದ 134 ಅಕ್ಷರ ಬೇಡ, 'ಮಹಾವಿದ್ಯೆ'ಯ ಹಳೇ ಪಾಠವೇ ಸರಿ ಅಂತ ವಾದಿಸಿದ. ಜಗಳವಾಡಲು ಅವನಿಗೆ ಬೇರೆ ಪುಸ್ತಕ ಬೇಕಾಗಲಿಲ್ಲ. ಎದೆಯಲ್ಲಿದ್ದ ಅದೇ ಪುಸ್ತಕ ಸಾಕಾಯಿತು.

ಆಳುವವರಿಗೂ ಇದು ಗೊತ್ತಿತ್ತು. ನಾನ್‌ಜಿಂಗ್‌ನ ಪೂರ್ವಕ್ಕೆ, ನೇರಳೆ ಬೆಟ್ಟದ ಬುಡದಲ್ಲಿ ಮಿಂಗ್ ವಂಶದ ಮೊದಲ ಸಾಮ್ರಾಟ ಝು ಯುವಾನ್‌ಜಾಂಗ್‌ನ ಸಮಾಧಿ ಇದೆ. ಕಲ್ಲಿನ ಆನೆ ಒಂಟೆಗಳ ದಾರಿಯಲ್ಲಿ ಶರತ್ಕಾಲದಲ್ಲಿ ನಡೆಯುವುದು ಚೆನ್ನ. ಬಡ ರೈತನ ಮಗ, ಅನಾಥ, ಮಠದಲ್ಲಿದ್ದು ಭಿಕ್ಷೆ ಬೇಡಿದವನು, ಸಾಮ್ರಾಟನಾದ. ದೊರೆಯಾದ ಮೇಲೆ ಮೆನ್ಷಿಯಸ್ ಓದಿ ಉರಿದುಬಿದ್ದ. ಏಕೆಂದರೆ ಅಲ್ಲಿ ಹೀಗಿದೆ: ಪ್ರಜೆ ಎಲ್ಲಕ್ಕಿಂತ ದೊಡ್ಡವನು, ಆಮೇಲೆ ರಾಜ್ಯ, ದೊರೆ ಕೊನೆಗೆ. ದೊರೆ ಮಂತ್ರಿಯನ್ನು ಮಣ್ಣು ಕಸದಂತೆ ನೋಡಿದರೆ, ಮಂತ್ರಿ ದೊರೆಯನ್ನು ಶತ್ರುವಿನಂತೆ ನೋಡುತ್ತಾನೆ. ಈ ಮುದುಕ ಈಗ ಬದುಕಿದ್ದಿದ್ದರೆ ಬಿಡುತ್ತಿದ್ದೆನೇ ಅಂತ ಅಬ್ಬರಿಸಿ, ಕನ್ಫ್ಯೂಷಿಯಸ್ ದೇವಾಲಯದಿಂದ ಮೆನ್ಷಿಯಸ್‌ನ ಸ್ಥಾನ ತೆಗೆಸಿದ. ಅಡ್ಡ ಬಂದವರಿಗೆ ಬಾಣ ಹೊಡೆಯಿರಿ ಅಂತ ಆಜ್ಞೆ. ಚಿಯನ್ ತಾಂಗ್ ಎಂಬ ಮಂತ್ರಿ ಎದೆ ಬಿಚ್ಚಿಕೊಂಡು ಬಂದು, ಮೆನ್ಷಿಯಸ್‌ಗಾಗಿ ಸತ್ತರೆ ಅದೇ ಕೀರ್ತಿ ಅಂದನಂತೆ. ಸ್ಥಾನ ಮರುವರ್ಷ ವಾಪಸ್ಸು ಬಂತು. ಆದರೆ 1394ರಲ್ಲಿ ಪುಸ್ತಕದಿಂದ 85 ಭಾಗ ಕಿತ್ತು ಹಾಕಿ, ಅದರ ಮೇಲೆ ಪ್ರಶ್ನೆ ಕೇಳಕೂಡದು ಅಂತ ಮಾಡಿದರು.

ಆ ಕತ್ತರಿ ಬಾಳಲಿಲ್ಲ. 1411ರಲ್ಲಿ ಪೂರ್ತಿ ಪುಸ್ತಕ ಮತ್ತೆ ಚಾಲ್ತಿಗೆ ಬಂತು. ಈ ಪ್ರಸಂಗ ಓದಿದಾಗ ನನಗೆ ಒಳಗೊಳಗೇ ಖುಷಿ. ಪರೀಕ್ಷೆಯ ದೆಸೆಯಿಂದ ಲಕ್ಷಾಂತರ ಹುಡುಗರ ಬಾಯಲ್ಲಿ 'ದೊರೆ ಕೊನೆಗೆ' ಅನ್ನುವ ವಾಕ್ಯ ಕೂತಿತ್ತು. ಅರ್ಥಕ್ಕೆ ಬೀಗ ಹಾಕಬಹುದು, ಆದರೆ ಬೀಗ ಹಾಕಿದ ಪೆಟ್ಟಿಗೆಯನ್ನು ಮನೆಮನೆಗೂ ಕೊಟ್ಟುಬಿಟ್ಟಿದ್ದರಲ್ಲ.

ಬೀಗದ ಶಬ್ದ ಕೇಳಬೇಕೆಂದರೆ ನಾನ್‌ಜಿಂಗ್‌ನಲ್ಲೇ ಒಳ್ಳೆಯ ಜಾಗ ಇದೆ. ಚಿನ್‌ಹುವಾಯ್ ನದಿಯ ದಂಡೆಗೆ ಕನ್ಫ್ಯೂಷಿಯಸ್ ದೇವಾಲಯ, ಅದರ ಪಕ್ಕದಲ್ಲೇ ಜಿಯಾಂಗ್‌ನಾನ್ ಪರೀಕ್ಷಾಂಗಣ. ಈಗ ಅಲ್ಲಿ ನೆಲದಡಿಯಲ್ಲಿ ವಸ್ತುಸಂಗ್ರಹಾಲಯ ಇದೆ, ಹಳೆಯ ಕಾವಲು ಗೋಪುರ ಒಂದು ಉಳಿದಿದೆ, ಸುತ್ತ ಬಾತುಕೋಳಿ ಅಂಗಡಿಗಳು, ಗಬ್ಬು ತೋಫುವಿನ ವಾಸನೆ. ಒಂದು ಕಾಲಕ್ಕೆ ಇಲ್ಲಿ 20,644 ಕೋಣೆಗಳಿದ್ದವು. ಕೋಣೆ ಅನ್ನುವುದೇ ದೊಡ್ಡ ಮಾತು. ಮೂರಡಿ ಅಗಲ, ನಾಲ್ಕಡಿ ಆಳ, ಬಾಗಿಲಿಲ್ಲ. ಎರಡು ಹಲಗೆ ಕೊಡುತ್ತಾರೆ. ಹಗಲು ಒಂದು ಆಸನ, ಒಂದು ಮೇಜು. ರಾತ್ರಿ ಎರಡೂ ಸೇರಿ ಮಂಚ, ಕಾಲು ಚಾಚುವ ಹಾಗಿಲ್ಲ. ಮೂರು ವರ್ಷಕ್ಕೊಮ್ಮೆ, ಎಂಟನೇ ಚಾಂದ್ರಮಾಸದಲ್ಲಿ, ಮೂರು ಸುತ್ತು, ಒಂದೊಂದು ಸುತ್ತಿಗೆ ಮೂರು ದಿನ ಎರಡು ರಾತ್ರಿ. ನಾನ್‌ಜಿಂಗ್‌ನ ಸೆಕೆ ಗೊತ್ತಿದ್ದವರಿಗೆ ಇಷ್ಟು ಸಾಕು. ಪ್ರವಾಸಿಗರಿಗೆಂದು ಕಟ್ಟಿರುವ ಮಾದರಿ ಕೋಣೆಯಲ್ಲಿ ನಾನು ಹತ್ತು ನಿಮಿಷ ಕೂತೆ, ಮಂಡಿ ಹಿಡಿದುಕೊಂಡಿತು.

ಒಳ ಅಂಗಿಯ ತುಂಬ ಸಾಸಿವೆಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ ಗ್ರಂಥ ಬರೆದುಕೊಂಡು ಬರುತ್ತಿದ್ದವರೂ ಇದ್ದರು. ಅಂಥ ಅಂಗಿಗಳು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಅಷ್ಟು ಬರೆಯುವ ಹೊತ್ತಿಗೆ ಬಾಯಿಪಾಠವೇ ಆಗಿರುತ್ತಿತ್ತು ಅನ್ನಿಸುತ್ತದೆ. ನದಿಯ ಆಚೆ ದಡದಲ್ಲಿ ಗಣಿಕೆಯರ ಕೇರಿ. ಪರೀಕ್ಷೆ ಮುಗಿಸಿ ಬರುವ ಹುಡುಗರೇ ಗಿರಾಕಿಗಳು. ಊರು ಕಟ್ಟಿದವರಿಗೆ ಮನುಷ್ಯಸ್ವಭಾವ ಚೆನ್ನಾಗಿ ಗೊತ್ತಿತ್ತು.

ಸಾವಿರಾರು ಜನ ಬರೆದು ನೂರರ ಲೆಕ್ಕದಲ್ಲಿ ತೇರ್ಗಡೆಯಾಗುವ ಇಂಥ ಕಡೆ, ಸೋತವರು ಎಲ್ಲಿಗೆ ಹೋದರು? ಬಹುಪಾಲು ಜನ ಹಳ್ಳಿಗೆ ಹೋಗಿ ಮೇಷ್ಟ್ರಾದರು, ಗೋಡೆಗೆ ಮುಖ ಮಾಡಿದ ಇನ್ನಷ್ಟು ಹುಡುಗರಿಗೆ ಪಾಠ ಒಪ್ಪಿಸಿಕೊಂಡರು. ಅಂಥ ಹಳ್ಳಿ ಮೇಷ್ಟ್ರೊಬ್ಬ ಮಾತ್ರ ನಾನ್‌ಜಿಂಗ್‌ಗೆ ಸೈನ್ಯ ತಗೊಂಡು ಬಂದ. ಹಾಂಗ್ ಶಿಯೂಚ್ವಾನ್, ಗ್ವಾಂಗ್‌ಡಾಂಗ್‌ನವನು. ಗ್ವಾಂಗ್‌ಝೌ ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲು. 1837ರ ಸೋಲಿನ ಮೇಲೆ ಜ್ವರ ಹಿಡಿದು ಮಲಗಿದಾಗ ಕಂಡ ಕನಸಿನಲ್ಲಿ, ತಾನು ಸ್ವರ್ಗಕ್ಕೆ ಹೋದೆ, ಅಲ್ಲಿ ಕನ್ಫ್ಯೂಷಿಯಸ್‌ಗೆ ದೇವರು ಛಡಿ ಏಟು ಕೊಡಿಸಿದ ಅಂತ ಅವನ ಪಂಗಡದವರ ಬರಹ ಹೇಳುತ್ತದೆ. ಮತ್ತೆ ಮತ್ತೆ ಫೇಲಾದವನ ಕನಸಿನಲ್ಲಿ ಪಠ್ಯಪುಸ್ತಕಕ್ಕೇ ಪೆಟ್ಟು! ನಗು ಬರುತ್ತದೆ, ಆದರೆ ಮುಂದಿನದು ನಗುವಂಥದ್ದಲ್ಲ. ತಾನು ಏಸುವಿನ ತಮ್ಮ ಅಂದ, ತೈಪಿಂಗ್ ದಂಗೆ ಎಬ್ಬಿಸಿದ, 1853ರಲ್ಲಿ ನಾನ್‌ಜಿಂಗ್ ಹಿಡಿದು ಹನ್ನೊಂದು ವರ್ಷ ರಾಜಧಾನಿ ಮಾಡಿಕೊಂಡ. ಸತ್ತವರು ಎರಡು ಕೋಟಿಗೂ ಮೇಲೆ ಅಂತ ಅಂದಾಜು. ಕನ್ಫ್ಯೂಷಿಯಸ್‌ನ ಪುಸ್ತಕ ನಿಷೇಧಿಸಿದವನು ಮಾಡಿದ ಕೆಲಸಗಳಲ್ಲಿ ಒಂದು ಏನು ಗೊತ್ತೇ? ಪರೀಕ್ಷೆ ನಡೆಸಿದ್ದು. ಪಠ್ಯ ಬೇರೆ, ಹಲಗೆ ಅದೇ.

ಈ ಹಲಗೆಯ ನೆರಳು ನಮ್ಮ ಕಡೆಗೂ ಸ್ವಲ್ಪ ಬಿದ್ದಿದೆ. 1850ರ ದಶಕದಲ್ಲಿ ಭಾರತದ ಆಡಳಿತಕ್ಕೆ ಶಿಫಾರಸು ಬಿಟ್ಟು ಸ್ಪರ್ಧಾ ಪರೀಕ್ಷೆಯಿಂದ ಜನ ಆರಿಸಬೇಕು ಅಂತ ಬ್ರಿಟನ್ನಿನಲ್ಲಿ ಚರ್ಚೆ ನಡೆದಾಗ ಚೀನಾದ ಉದಾಹರಣೆಯೂ ಬಂದುಹೋಗಿತ್ತು. ಬೆಂಗಳೂರಿನ ವಿಜಯನಗರದಲ್ಲೋ ಧಾರವಾಡದಲ್ಲೋ ಬಾಡಿಗೆ ರೂಮಿನಲ್ಲಿ ಕೂತು ಐದನೇ ಸಲ ಪ್ರಿಲಿಮ್ಸ್ ಬರೆಯುವವರನ್ನು ಕಂಡಾಗ ನನಗೆ ಆ ಎರಡು ಹಲಗೆ ನೆನಪಾಗುತ್ತದೆ.

1905ರ ಸೆಪ್ಟೆಂಬರ್ 2ರಂದು ಪರೀಕ್ಷೆ ರದ್ದಾಯಿತು. ರೈಲು, ಫಿರಂಗಿ, ಜಪಾನಿನ ಎದುರು ಸೋಲು, ಇವುಗಳಿಗೆಲ್ಲ ಎಂಟು ಕಾಲಿನ ಪ್ರಬಂಧದಲ್ಲಿ ಉತ್ತರ ಇರಲಿಲ್ಲ. 1912ರ ಜನವರಿಯಲ್ಲಿ ಹೊಸ ಗಣರಾಜ್ಯದ ಶಿಕ್ಷಣ ಇಲಾಖೆ, ಆಗ ಅದೂ ನಾನ್‌ಜಿಂಗ್‌ನಲ್ಲೇ ಇತ್ತು, ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಪಠಣದ ತರಗತಿಯನ್ನೇ ತೆಗೆದುಹಾಕಿತು. ಹಾಗೆ ತೆಗೆದ ಸಚಿವ ಚಾಯ್ ಯುವಾನ್‌ಪೇ ಹಳೇ ಪರೀಕ್ಷೆಯ ಅತ್ಯುನ್ನತ ಪದವಿ ಪಡೆದವರು. 'ಕನ್ಫ್ಯೂಷಿಯಸ್ ಅಂಗಡಿ'ಗೆ, ಅಂದರೆ ಈ ಹಳೇ ಪರಂಪರೆಗೆ, ಪೆಟ್ಟು ಕೊಟ್ಟ ಲೇಖಕನನ್ನು 1921ರಲ್ಲಿ ಹೊಗಳಿ ಬರೆದವರು ಹು ಶಿ. ಅಂಗಡಿ ಒಡೆದವರಿಗೆಲ್ಲ ಅಂಗಡಿಯ ಸರಕು ಬಾಯಿಪಾಠ ಇತ್ತು.

ಇಷ್ಟೆಲ್ಲ ಓದಿ ತಲೆಗೆ ತುಂಬಿಕೊಂಡು ಒಂದು ಸಂಜೆ ಅಜ್ಜನ ಮುಂದೆ ಕೂತೆ. ಮಗ ತರ್ಜುಮೆ ಮಾಡುತ್ತಿದ್ದ. ನಿಮಗೆ ಇದನ್ನೆಲ್ಲ ಯಾವ ಮೇಷ್ಟ್ರು ಕಲಿಸಿದರು ಅಂತ ಕೇಳಿದೆ. ಮೂರಕ್ಷರದ ಗ್ರಂಥ ತಮ್ಮ ಅಪ್ಪನಿಂದ ಬಂದದ್ದು ಅಂದರು, ಗೋಡೆಗೆ ಮುಖ ಮಾಡಿಸಿ. ಲುನ್ಯು? ಅವರು ಜೋರಾಗಿ ನಕ್ಕರು. 1974ರಲ್ಲಿ ಅವರು ಕಾರ್ಖಾನೆಯಲ್ಲಿದ್ದರು. ಮಾವೋಗೆ ದ್ರೋಹ ಬಗೆದ ಅಂತ ಆರೋಪ ಹೊತ್ತ ಸೇನಾಪತಿ ಲಿನ್ ಬಿಯಾವ್‌ನನ್ನೂ ಕನ್ಫ್ಯೂಷಿಯಸ್‌ನನ್ನೂ ಒಟ್ಟಿಗೆ ಖಂಡಿಸುವ ಚಳವಳಿ ನಡೆಯುತ್ತಿತ್ತು. ಎಂಟು ವರ್ಷ ಹಿಂದೆ ಅವನ ಹುಟ್ಟೂರು ಚೂಫೂವಿನಲ್ಲಿ, ಮಾವೋ ಬೆಂಬಲಿಗ ಯುವಕರ ಕೆಂಪು ದಳದವರು ಕನ್ಫ್ಯೂಷಿಯಸ್‌ನ ಗೋರಿಯನ್ನೇ ಅಗೆದಿದ್ದರು. ಈಗ ಖಂಡಿಸಬೇಕೆಂದರೆ ಏನು ಹೇಳಿದ್ದಾನೆ ಅಂತ ಗೊತ್ತಿರಬೇಕಲ್ಲ? ಲುನ್ಯುವಿನ ಸಾಲುಗಳನ್ನು ಅಚ್ಚು ಹಾಕಿ, ಕೆಳಗೆ ಆಡುಮಾತಿನಲ್ಲಿ ಅರ್ಥ ಕೊಟ್ಟು, ಅದರ ಕೆಳಗೆ ಬೈಗುಳ ಸೇರಿಸಿ ಪುಸ್ತಿಕೆಗಳನ್ನು ಕಾರ್ಖಾನೆಯಲ್ಲಿ ಹಂಚಿದರು. ವಾರಕ್ಕೊಮ್ಮೆ ಸಭೆ. ಒಬ್ಬೊಬ್ಬರೂ ಒಂದು ಸಾಲು ಓದಿ ಖಂಡಿಸಬೇಕು.

"ಬೈಗುಳ ಮರೆತುಹೋಯಿತು" ಅಂದರು ಅಜ್ಜ. "ಸಾಲು ಉಳಿಯಿತು. ನಮ್ಮಪ್ಪ ಅರ್ಥ ಹೇಳಿರಲಿಲ್ಲ. ಅರ್ಥ ಹೇಳಿದ್ದು ಆ ಪುಸ್ತಿಕೆಯೇ."

ಹು ಶಿಯ ತಾಯಿ ಹನ್ನೆರಡು ನಾಣ್ಯ ಕೊಟ್ಟು ಪಡೆದದ್ದು ಇವರಿಗೆ ಸರ್ಕಾರದ ಖರ್ಚಿನಲ್ಲಿ ಸಿಕ್ಕಿತ್ತು. ಜಿಲೂ, ರಾನ್ ಯೂ ಕತೆ ಬರುತ್ತಾ ಅಂತ ಕೇಳಿದೆ. ಮಗ ಅನುವಾದಿಸುವ ಮೊದಲೇ ಅಜ್ಜ ಅದನ್ನು ಹಳೇ ಭಾಷೆಯಲ್ಲಿ ಒಪ್ಪಿಸಲು ಶುರು ಮಾಡಿದರು, ಕೂತಲ್ಲೇ, ನನ್ನ ಮುಖ ನೋಡುತ್ತ.

ಈಗ ಗಾಳಿ ಮತ್ತೆ ತಿರುಗಿದೆ. 2011ರ ಜನವರಿಯಲ್ಲಿ ತಿಯಾನನ್ಮೆನ್ ಚೌಕದ ಬದಿಗೆ ಕನ್ಫ್ಯೂಷಿಯಸ್‌ನ ಒಂಬತ್ತೂವರೆ ಮೀಟರ್ ಎತ್ತರದ ಕಂಚಿನ ಪ್ರತಿಮೆ ನಿಲ್ಲಿಸಿದರು, ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಪಕ್ಕದ ವಸ್ತುಸಂಗ್ರಹಾಲಯದ ಒಳಗೆ ಸಾಗಿಸಿದರು. ಎಲ್ಲಿ ಇಡಬೇಕು ಅಂತ ಅವರಿಗೇ ಗೊತ್ತಾಗಿಲ್ಲ. ಪದವಿಪೂರ್ವ ಮುಗಿಸಿದವರು ಬರೆಯುವ ದೊಡ್ಡ ಪರೀಕ್ಷೆಯ ಚೀನೀ ಪತ್ರಿಕೆಯಲ್ಲಿ ಹಳೇ ಸಾಲುಗಳನ್ನು ನೆನಪಿನಿಂದ ಬರೆಯುವ ಪ್ರಶ್ನೆ ಇದ್ದೇ ಇದೆ. ಶಾಲೆ ಬಿಡಿಸಿ ಮಕ್ಕಳನ್ನು ಪೂರ್ತಿ ಗ್ರಂಥಪಠಣಕ್ಕೇ ಹಾಕುವ ಖಾಸಗಿ ಪಾಠಶಾಲೆಗಳೂ ಎದ್ದವು. ಮೂರು ಲಕ್ಷ ಅಕ್ಷರ ಬಾಯಿಗೆ ಬರಲಿ, ಅರ್ಥ ಆಮೇಲೆ, ಅನ್ನುವ ಸಿದ್ಧಾಂತ. ಅಲ್ಲಿ ಬೆಳೆದ ಕೆಲವರು, ನಮಗೆ ಒಪ್ಪಿಸಲು ಬರುತ್ತದೆ, ಓದಲು ಬರುವುದಿಲ್ಲ ಅಂತ ಪತ್ರಿಕೆಗಳಿಗೆ ಹೇಳಿದರು. ಅಜ್ಜನ ಮೊಮ್ಮಗಳು ಅಂಥ ಕಡೆ ಹೋಗಲಿಲ್ಲ. ಮಾಮೂಲಿ ಶಾಲೆ, ಸಂಜೆ ಈಜು, ಭಾನುವಾರ ಅಜ್ಜ.

ನಾನು ಊರಿಗೆ ಹೊರಡುವ ಮುಂಚಿನ ಭಾನುವಾರ ಮತ್ತೆ ಅದೇ ಮನೆ, ಅದೇ ಹಸಿರು ಚಹಾ. ಹುಡುಗಿಗೆ ಈಗ ಎಂಟು. ಈ ಸಲ ಅವಳು ಒಪ್ಪಿಸಲು ಏಳಲಿಲ್ಲ. "ಶೂಶೂ, ಇವತ್ತು ನೀವು. ನಿಮ್ಮ ಭಾಷೆದು" ಅಂದಳು. ಏನು ಹೇಳುವುದು ಅಂತ ತಡಕಾಡಿದೆ. ಪದ್ಯಗಳೆಲ್ಲ ಎರಡನೇ ಸಾಲಿಗೇ ಕೈಕೊಟ್ಟವು. ಕೊನೆಗೆ ಎದ್ದು, ಗೋಡೆಗೆ ಮುಖ ಮಾಡಿ, ಕೈ ಹಿಂದಕ್ಕೆ ಕಟ್ಟಿ, ನಮ್ಮೂರ ಶಾಲೆಯಲ್ಲಿ ಸಂಜೆ ಬೆಲ್ಲಿಗೆ ಮುಂಚೆ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದದ್ದನ್ನು ಶುರು ಮಾಡಿದೆ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು, ಎರಡ್ಮೂರ್ಲ ಆರು.

ಎರಡ್ಹತ್ಲ ಇಪ್ಪತ್ತಕ್ಕೆ ಮುಟ್ಟುವಷ್ಟರಲ್ಲಿ ಹಿಂದಿನಿಂದ ಅಜ್ಜನ ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಿರುವುದು ಕೇಳಿಸಿತು. ಹುಡುಗಿ ಮಾತ್ರ ಕಿಸಕ್ಕನೆ ನಕ್ಕು, ತಮ್ಮ ಭಾಷೆಯಲ್ಲಿ ಕೂಗಿದಳು: "ಅಯ್ಯೋ, ಇದು ಮಗ್ಗಿ!"